ಐದು ಜನ, ಎರಡು ಸೀಟು, ನಾಲ್ಕು ಟೈರು

ಆ ಮನೆಯಲ್ಲಿ ಐದು ಜನ. ಕಾರಿನಲ್ಲಿ ಸೀಟು ಎರಡು. ಇದು ಹೊಂದುವ ಮಾತಲ್ಲ ಎಂದು ಅತ್ತೆ ಮೂರು ವರ್ಷದಿಂದ ಹೇಳುತ್ತಲೇ ಬಂದಿದ್ದರು.

ಕಾರು ಸೊಸೆಯದು. ಕೆಂಪು ಬಣ್ಣ, ಹದಿನಾಲ್ಕು ವರ್ಷ ಹಳೆಯದು, ನೆಲದಿಂದ ಒಂದು ಗೇಣು ಮೇಲೆ. ಒಳಗೆ ಕೂರಬೇಕಾದರೆ ಮೊದಲು ಕಾಲು ಹಾಕಬೇಕೋ ತಲೆ ಹಾಕಬೇಕೋ ಎಂದು ಅತ್ತೆ ಪ್ರತಿ ಸಲವೂ ಕೇಳುತ್ತಿದ್ದರು. ಸೊಸೆ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸದವಳು. ವಾರಕ್ಕೆ ಆರು ದಿನ ಅದೇ ಕಾರಿನಲ್ಲಿ ಅಂಗಡಿಗೆ ಹೋಗಿಬರುತ್ತಿದ್ದಳು. ಎರಡು ತಿಂಗಳಿಗೊಮ್ಮೆ ಅದೇ ಕಾರನ್ನು ಊರಾಚೆಯ ರೇಸ್ ಟ್ರ್ಯಾಕಿಗೆ ಒಯ್ಯುತ್ತಿದ್ದಳು. ಅಲ್ಲಿ ಪಂದ್ಯವೇನೂ ಇಲ್ಲ. ಹೆಲ್ಮೆಟ್ ಹಾಕಿಕೊಂಡು ಸುತ್ತುವುದು, ಒಂದೊಂದು ಸುತ್ತಿಗೂ ಎಷ್ಟು ಹೊತ್ತು ಹಿಡಿಯಿತೆಂದು ಪರದೆಯ ಮೇಲೆ ನೋಡಿಕೊಳ್ಳುವುದು, ಅಷ್ಟೇ.

ಮನೆಮಂದಿಯೆಲ್ಲ ಎಲ್ಲಿಗಾದರೂ ಹೊರಟರೆ ಸೊಸೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ನಾಲ್ಕು ಸಲ ಓಡಾಡಬೇಕು, ಇಲ್ಲವಾದರೆ ಎಲ್ಲರೂ ಬಸ್ಸು ಹತ್ತಬೇಕು. ವರ್ಷದ ಮೊದಲಲ್ಲಿ ನೆಂಟರ ಮದುವೆಯೊಂದಕ್ಕೆ ಹೀಗೆ ಹೋದಾಗ, ಮೊದಲು ತಲುಪಿದ ಮಾವ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಕೊನೆಯವರಾಗಿ ಅತ್ತೆ ಬಂದಿಳಿದರು. ಮನೆಗೆ ಮರಳಿದ ಮೇಲೆ ಜೋರು ಜಗಳವಾಯಿತು. ಸಿಟ್ಟಿನ ಭರದಲ್ಲಿ ಸೊಸೆಯೇ ಮಾತು ಕೊಟ್ಟಳು: ವರ್ಷದ ಕೊನೆಯ ಟ್ರ್ಯಾಕ್ ದಿನದೊಳಗೆ ಒಂದೇ ಒಂದು ಸುತ್ತನ್ನು ಒಂದು ನಿಮಿಷ ನಲವತ್ತು ಸೆಕೆಂಡಿನ ಒಳಗೆ ಮುಗಿಸಿ ತೋರಿಸುತ್ತೇನೆ, ಆಗದಿದ್ದರೆ ಇದನ್ನು ಮಾರಿ ಐದು ಸೀಟಿನ ಕಾರು ತರುತ್ತೇನೆ. ಎರಡನೆಯ ತರಗತಿಯ ಮೊಮ್ಮಗಳು ಅದನ್ನು ದುಂಡಗೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಈಗ ಉಳಿದಿದ್ದು ಐದು ವಾರ. ಸೊಸೆಯ ಅತ್ಯುತ್ತಮ ಸುತ್ತು ಒಂದು ನಿಮಿಷ ನಲವತ್ತೆರಡೂವರೆ ಸೆಕೆಂಡಿನದು. ಸಾಲದ್ದಕ್ಕೆ ನಾಲ್ಕೂ ಟೈರು ಸವೆದು, ಬದಲಿಸುವ ಗುರುತಿಗೆ ಕೂದಲೆಳೆಯಷ್ಟು ಬಾಕಿ ಇತ್ತು.

"ಯಾವುದು ಹಾಕಿಸ್ತೀಯ?" ರಾತ್ರಿಯೂಟಕ್ಕೆ ಬೀನ್ಸಿನ ನಾರು ತೆಗೆಯುತ್ತ ಮಗ ಹೆಂಡತಿಯನ್ನು ಕೇಳಿದ. ಅವನು ಶಾಲೆಯಲ್ಲಿ ರೇಖಾಗಣಿತದ ಮೇಷ್ಟ್ರು. ಮನೆಯಲ್ಲಿ ಅಡುಗೆ ಅವನದೇ.

"ಟ್ರ್ಯಾಕ್ ಟೈರು. ಮೆತ್ತಗಿರುತ್ತೆ, ಬಿಸಿಯಾದರೆ ರಸ್ತೆಗೆ ಅಂಟಿಕೊಳ್ಳುತ್ತೆ. ನನ್ನ ಈಗಿನ ಟೈರು ನೋಡಿ, ಮೂರನೇ ಸುತ್ತಿಗೇ ಬೆಣ್ಣೆ ಥರ ಜಾರುತ್ತೆ."

"ಎಷ್ಟು ಕಿಲೋಮೀಟರ್ ಬರುತ್ತೆ?" ಮಾವ ಕೇಳಿದರು. ಮಾವ ಬಸ್ ಡಿಪೊದ ಟೈರು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಟೈರನ್ನು ಕಣ್ಣಿಂದ ನೋಡುವ ಮೊದಲು ಹೆಬ್ಬೆರಳಿಂದ ಒತ್ತಿ ನೋಡುವ ಜಾತಿ.

"ಹತ್ತು ಸಾವಿರ ಬಂದರೆ ಹೆಚ್ಚು, ಮಾವ."

"ಹತ್ತು ಸಾವಿರವೇ! ಅಮ್ಮಾ, ನಮ್ಮ ಬಸ್ಸು ತಿಂಗಳಿಗೆ ಅಷ್ಟು ಓಡ್ತಿತ್ತು. ಟೈರು ಅಂದ್ರೆ ಗಟ್ಟಿ ಇರಬೇಕು. ನೀನು ಹೇಳೋದು ಟೈರಲ್ಲ, ರಬ್ಬರು. ಪೆನ್ಸಿಲ್ ಗೀಟು ಅಳಿಸೋಕೆ ಆಗುತ್ತೆ."

"ಮಳೆ ಬಂದ್ರೆ?" ಅತ್ತೆಯ ಪ್ರಶ್ನೆ ಅಡುಗೆಮನೆಯ ಬಾಗಿಲಿನಿಂದ ಬಂತು. ಅತ್ತೆಗೆ ವಾರಕ್ಕೆರಡು ದಿನ ಮಂಡಿಯ ವ್ಯಾಯಾಮದ ತರಗತಿ. ಆ ದಿನ ಪಕ್ಕದ ಸೀಟು ಅವರದು.

"ಮಳೆಯಲ್ಲಿ ಸ್ವಲ್ಪ ನಿಧಾನಕ್ಕೆ ಹೋಗಬೇಕು, ಅತ್ತೆ. ಗೀರು ಕಡಿಮೆ ಇರುತ್ತಲ್ಲ, ನೀರು ಆಚೆ ಹೋಗಲ್ಲ."

"ಸರಿ ಹಾಗಾದ್ರೆ. ನನ್ನ ಮಂಡಿ ಸರಿಯಾಗೋ ಹೊತ್ತಿಗೆ ತಲೆ ಒಡೆದಿರುತ್ತೆ."

ಮರುದಿನ ಸಂಜೆ ಸೊಸೆ ಟೈರಂಗಡಿಗೆ ಹೋದಳು. ಕೂಡಿಸಿಕೊಂಡು ಹೋಗೆಂದು ಯಾರೂ ಹೇಳದಿದ್ದರೂ ಮಾವ ಪಕ್ಕದ ಸೀಟಿನಲ್ಲಿದ್ದರು. ಅಂಗಡಿಯಾತ ಉದ್ದನೆಯ ಮನುಷ್ಯ, ಗಿರಾಕಿ ಕೇಳಿದ್ದನ್ನು ಥಟ್ಟನೆ ಕೊಡುವ ಅಭ್ಯಾಸವಿಲ್ಲದವನು. ಅವನು ಮೂರು ಟೈರು ನೆಲದ ಮೇಲೆ ಉರುಳಿಸಿ ನಿಲ್ಲಿಸಿದ. ಮೊದಲನೆಯದು ಮನೆಮಂದಿಯ ಕಾರುಗಳದ್ದು, ಸದ್ದಿಲ್ಲದ್ದು, ಬಹಳ ಬಾಳುವಂಥದ್ದು. ಮೂರನೆಯದು ಟ್ರ್ಯಾಕಿನದು, ಮೈಮೇಲೆ ನಾಲ್ಕೈದು ಗೀರು ಬಿಟ್ಟರೆ ಬೋಳು. ನಡುವಿನದು ವೇಗದ ಕಾರುಗಳಿಗಾಗಿ ಮಾಡಿದ ರಸ್ತೆಯ ಟೈರು. ಪಕ್ಕದ ಗೋಡೆ ಬಿಗಿ, ನೀರು ಹೋಗಲು ಉದ್ದುದ್ದ ಕಾಲುವೆ.

"ಟ್ರ್ಯಾಕಲ್ಲಿ ಗಾಳಿ ಎಷ್ಟಿಡ್ತೀರಿ?" ಅಂಗಡಿಯಾತ ಕೇಳಿದ.

"ಇಪ್ಪತ್ತೈದು ಪೌಂಡ್. ಹಿಂದಿನ ಸಂಜೆ ಪೆಟ್ರೋಲ್ ಬಂಕಲ್ಲಿ ಇಳಿಸ್ತೀನಿ. ಓಡಿದ ಮೇಲೆ ಬಿಸಿಗೆ ಏರುತ್ತಂತೆ, ಅಲ್ಲಿ ಕಲಿಸೋರು ಹೇಳಿದ್ದು."

"ಅದು ತಣ್ಣಗಿದ್ದಾಗ. ಓಡಿಸಿ ಬಂದ ಕೂಡಲೇ ಎಷ್ಟಿರುತ್ತೆ?"

ಸೊಸೆಗೆ ಗೊತ್ತಿರಲಿಲ್ಲ. ಗಾಜನ್ನು ಕೂದಲೆಳೆಯ ಲೆಕ್ಕದಲ್ಲಿ ಉಜ್ಜುವವಳಿಗೆ ಅದು ಅವಮಾನವೆನಿಸಿತು.

"ಒಂದು ಸಲ ಬಿಸಿಯಲ್ಲಿ ಅಳೆದು ಬನ್ನಿ. ಆಮೇಲೆ ಟೈರಿನ ಮಾತಾಡೋಣ," ಎಂದ ಅಂಗಡಿಯಾತ.

ಮಾವ ಈ ಮಾತುಕತೆ ಕೇಳಿಸಿಕೊಳ್ಳಲಿಲ್ಲ. ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಟೈರುಗಳ ಮೈಮೇಲೆ ಒತ್ತಿದ್ದ ನಾಲ್ಕು ಅಂಕಿ ಓದುತ್ತಿದ್ದರು. ಯಾವ ವಾರ, ಯಾವ ವರ್ಷ ತಯಾರಾಯಿತೆಂಬುದು ಅದರಲ್ಲಿರುತ್ತದೆ.

"ಏನಪ್ಪಾ, ಇದು ಹುಟ್ಟಿ ಮೂರು ವರ್ಷ ಆಗಿದೆ. ನನ್ನ ಮೊಮ್ಮಗಳ ಜೊತೆ ಶಾಲೆಗೆ ಕಳಿಸಬಹುದು."

ಅಂಗಡಿಯಾತ ಮೊದಲ ಸಲ ನಕ್ಕ. "ಹಿರಿಯರೇ, ನಿಮ್ಮ ಹಾಗೆ ನೋಡೋರು ಬರ್ತಾರೆ ಅಂತಾನೇ ಅದನ್ನ ಮೂಲೇಲಿ ಇಟ್ಟಿದ್ದು."

ಎರಡನೆಯ ವಾರ ಮಗನಿಗೆ ಹೊಸ ಉಪಾಯ ಹೊಳೆಯಿತು. ರಸ್ತೆಗೊಂದು ಜೊತೆ, ಟ್ರ್ಯಾಕಿಗೊಂದು ಜೊತೆ. ಆಯಾ ದಿನ ಬದಲಿಸಿಕೊಂಡರಾಯಿತು. ಅವನು ಅಳತೆಪಟ್ಟಿ ಹಿಡಿದು ಮನೆಯೆಲ್ಲ ಸುತ್ತಿದ. ಮಂಚದ ಕೆಳಗೆ ಎರಡು ಬೆರಳು ಸಾಲದು. ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತದೆ. ಊಟದ ಮೇಜಿನ ಕೆಳಗೆ ಮಾತ್ರ ನಾಲ್ಕು ಚಕ್ರ ಸರಿಯಾಗಿ ಕೂರುತ್ತವೆ.

"ಪ್ರಯೋಗ ಮಾಡಿ ನೋಡೋಣ," ಎಂದು ಟೈರಂಗಡಿಯಿಂದ ನಾಲ್ಕು ಹಳೆಯ ಚಕ್ರಗಳನ್ನು ಕೇಳಿ ತಂದ.

ಎರಡು ದಿನ ಆ ಮನೆಯವರು ಟೈರಿನ ಮೇಲೆ ಕಾಲಿಟ್ಟು ಉಂಡರು. ಮೊಮ್ಮಗಳಿಗೆ ಮಹಾ ಖುಷಿ, ಅವಳ ಕಾಲಿಗೆ ಮೊದಲ ಬಾರಿ ನೆಲೆ ಸಿಕ್ಕಿತ್ತು. ಮಾವನಿಗೂ ಹಾಯೆನಿಸಿತು. ಸೂಪಿನ ಘಮದ ಜೊತೆಗೆ ರಬ್ಬರಿನ ವಾಸನೆ ಬಂದಾಗ ಡಿಪೊದ ಕ್ಯಾಂಟೀನಿನಲ್ಲಿ ಕೂತಂತಾಯಿತಂತೆ.

ಎರಡನೆಯ ದಿನ ಅತ್ತೆ ಕಸ ಗುಡಿಸಲು ಬಗ್ಗಿದರು. ಪೊರಕೆ ಚಕ್ರದ ಸಂದಿಯಲ್ಲಿ ಸಿಕ್ಕಿಕೊಂಡಿತು. ಎಳೆದರೆ ಹಿಡಿ ಮಾತ್ರ ಕೈಗೆ ಬಂತು.

"ಮೇಷ್ಟ್ರೇ!" ಅತ್ತೆ ಮಗನನ್ನು ಹಾಗೆ ಕರೆದರೆ ಮನೆಯಲ್ಲಿ ಎಲ್ಲರೂ ನಿಂತಲ್ಲೇ ನಿಲ್ಲುತ್ತಿದ್ದರು. "ಇದು ಮನೆಯೋ ಗ್ಯಾರೇಜೋ?"

"ಅಮ್ಮ, ಅಳತೆ ಪ್ರಕಾರ..."

"ನಿನ್ನ ಅಳತೇಲಿ ಪೊರಕೆಗೆ ಜಾಗ ಇದೆಯಾ? ನನ್ನ ಮಂಡಿಗೆ ಜಾಗ ಇದೆಯಾ? ಒಂದು ಜೊತೆ ಟೈರು. ಅದು ಕಾರಿನ ಕೆಳಗಿರಲಿ. ಊಟದ ಮೇಜಿನ ಕೆಳಗೆ ಕಾಲಿರಲಿ."

ಸಂಜೆಯೊಳಗೆ ಚಕ್ರಗಳು ಅಂಗಡಿಗೆ ಮರಳಿದವು. ಜೊತೆಗೊಂದು ಹೊಸ ಪೊರಕೆ ಮನೆಗೆ ಬಂತು.

ಮೂರನೆಯ ವಾರ ಮಳೆ ಹಿಡಿಯಿತು. ವ್ಯಾಯಾಮದ ತರಗತಿಯಿಂದ ಮರಳುವಾಗ ಸೊಸೆ ನಿಧಾನವಾಗಿಯೇ ಓಡಿಸುತ್ತಿದ್ದಳು. ಆದರೂ ವೃತ್ತದ ತಿರುವಿನಲ್ಲಿ ಕಾರಿನ ಹಿಂಭಾಗ ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ನೆಟ್ಟಗಾಯಿತು. ಅತ್ತೆ ಕಿರುಚಲಿಲ್ಲ, ಬಾಗಿಲ ಹಿಡಿಯನ್ನು ಹಿಡಿದುಕೊಂಡರು.

"ಸವೆದಿದೆ, ಅತ್ತೆ. ಅದಕ್ಕೇ."

"ಗೀರು ಇದ್ದಿದ್ದು ಸವೆದರೆ ಹೀಗೆ. ಗೀರೇ ಇಲ್ಲದ್ದನ್ನ ದುಡ್ಡು ಕೊಟ್ಟು ತರ್ತೀಯಲ್ಲ, ಅದು ಹೇಗಿರುತ್ತೆ?"

ಸೊಸೆ ವೇಗವನ್ನು ಇನ್ನಷ್ಟು ಇಳಿಸಿದಳು.

ಆ ಶನಿವಾರ ಮಳೆ ಬಿಟ್ಟು ಬಿಸಿಲು ಕಾದಿತ್ತು. ಕೊನೆಯ ದಿನಕ್ಕೆ ಮುಂಚೆ ಟ್ರ್ಯಾಕಿನವರು ಹೆಚ್ಚುವರಿಯಾಗಿ ಇಟ್ಟಿದ್ದ ಅರ್ಧ ದಿನದ ಅಭ್ಯಾಸ. ಸೊಸೆ ಶುಕ್ರವಾರ ಸಂಜೆಯೇ ನಾಲ್ಕೂ ಟೈರಿನ ಗಾಳಿಯನ್ನು ಇಪ್ಪತ್ತೈದಕ್ಕೆ ಇಳಿಸಿ ಬಂದಿದ್ದಳು. ಎರಡನೆಯ ಸುತ್ತು ಚೆನ್ನಾಗಿತ್ತು. ನಾಲ್ಕನೆಯ ಸುತ್ತಿಗೆ ಕಾರು ಪ್ರತಿ ತಿರುವಿನಲ್ಲೂ ಹೊರಗೆ ಜಾರತೊಡಗಿತು. ಒಂದು ನಿಮಿಷ ನಲವತ್ನಾಲ್ಕು. ಒಳಗೆ ಬಂದ ಕೂಡಲೇ ಅಂಗಡಿಯಾತನ ಮಾತು ನೆನಪಾಗಿ ಪಕ್ಕದ ಕಾರಿನವರ ಹತ್ತಿರ ಗೇಜು ಇಸಿದುಕೊಂಡು ಅಳೆದಳು. ನಲವತ್ತು. ಇನ್ನೊಂದು ಟೈರು, ಅದೂ ನಲವತ್ತು.

ಸೊಸೆ ಅಲ್ಲಿಂದಲೇ ಟೈರಂಗಡಿಗೆ ಫೋನ್ ಮಾಡಿ ಟ್ರ್ಯಾಕ್ ಟೈರು ತರಿಸಲು ಹೇಳಿದಳು.

ಭಾನುವಾರದ ಬೆಳಗಿನ ತಿಂಡಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಚಹಾ. ಸೊಸೆ ವಿಷಯ ಹೇಳಿದಳು. ಅತ್ತೆ ಮೊಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕುಟ್ಟಿದರು.

"ನಾನು ಹಟಕ್ಕೆ ಹೇಳ್ತಿಲ್ಲ, ಅತ್ತೆ. ಅಳೆದಿದ್ದೀನಿ. ಹೊರಡುವಾಗ ಇಪ್ಪತ್ತೈದು ಇದ್ದಿದ್ದು ನಾಲ್ಕು ಸುತ್ತಿಗೆ ನಲವತ್ತಕ್ಕೆ ಏರಿದೆ. ಅಷ್ಟು ಕಾಯೋ ಟೈರು ಹಿಡಿಯೋದು ಹೇಗೆ? ರಸ್ತೆ ಟೈರಿನ ಹಣೆಬರಹವೇ ಅಷ್ಟು."

"ಹದಿನೈದು ಪೌಂಡ್ ಏರಲ್ಲ ಕಣಮ್ಮ," ಎಂದರು ಮಾವ. "ಆರು, ಏಳು, ಹೆಚ್ಚೆಂದರೆ ಎಂಟು. ಬೇಸಿಗೇಲಿ, ಬಸ್ಸಿನ ತುಂಬ ಜನ ಇದ್ದರೂ ನಾನು ಹದಿನೈದು..."

ಅಷ್ಟಕ್ಕೇ ಮಾತು ನಿಲ್ಲಿಸಿದರು. ಬ್ರೆಡ್ಡಿನ ಚೂರು ಚಹಾದಲ್ಲಿ ಮುಳುಗಿ ಕರಗಿತು. ಅವರು ಅದನ್ನು ತೆಗೆಯಲಿಲ್ಲ.

"ಹೋಗ್ಲಿ ಬಿಡಿ," ಎಂದರು ಅತ್ತೆ. "ಹೊಸ ಟೈರು ಬಂದರೆ ಒಂದಾದರೂ ಒಳ್ಳೇದಾಗುತ್ತೆ. ಇವಳು ಟ್ರ್ಯಾಕಿಗೆ ಹೋಗೋ ದಿನ ಬೆಳಿಗ್ಗೆ ಐದೂವರೆಗೆ ಆ ಕಾಲ್ಪಂಪಿನ ಕೀಚಲು ಸದ್ದು ಕೇಳೋದು ತಪ್ಪುತ್ತೆ."

ಸೊಸೆ ತಲೆಯೆತ್ತಿದಳು. "ಯಾವ ಕಾಲ್ಪಂಪು?"

"ನಿಮ್ಮ ಮಾವನದು. ಇನ್ಯಾರದು? ಡಿಪೊ ಬಿಟ್ಟರೂ ಪಂಪು ಬಿಟ್ಟಿಲ್ಲ. ಪುಸ್ ಕೀಚ್, ಪುಸ್ ಕೀಚ್. ನಾಲ್ಕು ಟೈರಿಗೂ. ನಿನಗೆ ಹೇಳೇ ಮಾಡ್ತಾರೆ ಅಂದುಕೊಂಡಿದ್ದೆ."

ಮೊಮ್ಮಗಳು ಎಲ್ಲರ ಮುಖವನ್ನೂ ಸರದಿಯಂತೆ ನೋಡಿದಳು.

"ಮಾವ," ಎಂದಳು ಸೊಸೆ, ಬಹಳ ಮೆಲ್ಲಗೆ. "ಗಾಳಿ ಹಾಕ್ತಿದ್ರಾ?"

"ಇಳಿದಿರ್ತಿತ್ತಲ್ಲಮ್ಮ." ಮಾವನ ದನಿ ಸಣ್ಣದಾಗಿತ್ತು. "ಬೇರೆ ದಿನ ನೋಡಿದರೆ ರಸ್ತೆಗೆ ಬೇಕಾದ ಇಪ್ಪತ್ತೊಂಬತ್ತು ಸರಿಯಾಗೇ ಇರುತ್ತೆ. ನೀನು ಟ್ರ್ಯಾಕಿಗೆ ಹೋಗೋ ದಿನವೇ ನಾಲ್ಕೂ ಒಟ್ಟಿಗೆ ಇಪ್ಪತ್ತೈದು. ಲೀಕ್ ಅಂದುಕೊಂಡೆ. ಸೋಪಿನ ನೀರು ಹಚ್ಚಿದೆ, ವಾಲ್ವಿಗೆ ಎಂಜಲು ಹಚ್ಚಿ ನೋಡಿದೆ. ಒಂದು ಗುಳ್ಳೆ ಏಳಲಿಲ್ಲ. ಲೀಕ್ ಇದ್ದರೆ ದಾರೀಲಿ ಇಳಿಯುತ್ತಲ್ಲ, ಅದಕ್ಕೇ ಸ್ವಲ್ಪ ಧಾರಾಳವಾಗಿ ಮೂವತ್ತೆರಡು ತುಂಬಿಸ್ತಿದ್ದೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಮೂವತ್ತೊಂದು ವರ್ಷದಲ್ಲಿ ನನ್ನ ಕೈಗೆ ಸಿಗದ ಪಂಕ್ಚರು ಇರಲಿಲ್ಲ. ಸೊಸೆ ಕಾರಿಂದು ಸಿಕ್ತಿಲ್ಲ ಅಂತ ಹೇಳ್ಲಾ?"

ಮೊದಲು ನಕ್ಕವನು ಮಗ. ಅವನನ್ನು ನೋಡಿ ಮೊಮ್ಮಗಳು. ಸೊಸೆ ನಗಬಾರದೆಂದು ಬಾಯಿಗೆ ಸೆರಗು ಒತ್ತಿದರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾವ ಒಬ್ಬೊಬ್ಬರನ್ನೂ ದುರುಗುಟ್ಟಿ ನೋಡಿ, ಕೊನೆಗೆ ತಾವೂ ಸೋತರು.

ಅತ್ತೆ ಮಾತ್ರ ಕೈಯಲ್ಲಿ ಅರ್ಧ ಸುಲಿದ ಮೊಟ್ಟೆ ಹಿಡಿದು ಕೂತಿದ್ದರು. ವಿಷಯದ ತಾತ್ಪರ್ಯ ಅವರಿಗೆ ಆಗ ತಿಳಿಯಿತು.

"ಅಂದ್ರೆ ಇಷ್ಟು ದಿನ ತಪ್ಪು ಇವಳದ್ದೂ ಅಲ್ಲ, ಟೈರಿಂದೂ ಅಲ್ಲ. ಐದು ಸೀಟಿನ ಕಾರು ಬಾಗಿಲವರೆಗೂ ಬಂದಿತ್ತು. ನಾನೇ ಬಾಯಿ ಬಿಟ್ಟು ವಾಪಸ್ ಕಳಿಸಿದೆ ಅನ್ನಿ."

"ಇನ್ನೂ ಎರಡೂವರೆ ಸೆಕೆಂಡ್ ಬಾಕಿ ಇದೆ, ಅತ್ತೆ. ಆಸೆ ಬಿಡಬೇಡಿ."

ಸೋಮವಾರ ಒಂಬತ್ತಕ್ಕೆ ಟೈರಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಸೊಸೆ ಅಲ್ಲಿದ್ದಳು. ಟ್ರ್ಯಾಕ್ ಟೈರು ಬೇಡ, ನಡುವಿನದು ಕೊಡಿ ಎಂದಳು. ಅಂಗಡಿಯಾತ ಕಾರಣ ಕೇಳಿದ. ಇವಳು ಪಂಪಿನ ಕತೆಯನ್ನೆಲ್ಲ ಹೇಳಿದ ಮೇಲೆ ಅವನು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡ.

"ತಪ್ಪು ಯಾವುದಂತ ಗೊತ್ತಾಗೋ ಮೊದಲು ಟೈರಿಗೆ ಶಿಕ್ಷೆ ಕೊಡಬಾರದು ಅನ್ನಿಸ್ತು," ಎಂದಳು ಸೊಸೆ. "ಅದೂ ಅಲ್ಲದೆ, ವರ್ಷದಲ್ಲಿ ಆರು ದಿನ ಟ್ರ್ಯಾಕು. ಉಳಿದ ದಿನವೆಲ್ಲ ನಮ್ಮತ್ತೆ ಕೂರೋ ರಸ್ತೆ."

ಹೊಸ ಟೈರು ಹಾಕಿದ ದಿನ ಮಾವ ನಾಲ್ಕರ ಅಂಕಿಯನ್ನೂ ಓದಿದರು. ಹುಟ್ಟಿ ಹನ್ನೊಂದು ವಾರ. ಹೆಬ್ಬೆರಳಿಂದ ಒತ್ತಿ, "ಪರವಾಗಿಲ್ಲ, ರಬ್ಬರಿಗಿಂತ ಗಟ್ಟಿ, ಬಸ್ಸಿಗಿಂತ ಮೆತ್ತಗೆ," ಎಂದು ಒಪ್ಪಿಗೆ ಕೊಟ್ಟರು.

ವರ್ಷದ ಕೊನೆಯ ಟ್ರ್ಯಾಕ್ ದಿನ ಮೋಡ ಮುಸುಕಿತ್ತು. ಕೆಂಪು ಕಾರಿನಲ್ಲಿ ಸೊಸೆ ಮತ್ತು ಮಾವ ಹೋದರು. ಉಳಿದ ಮೂವರು ಬಸ್ಸಿನಲ್ಲಿ ಬಂದು, ಗೇಟಿನಿಂದ ಒಂದು ಫರ್ಲಾಂಗು ನಡೆದು, ಮೆಟ್ಟಿಲುಸಾಲಿನ ಮೇಲೆ ಕೂತರು. ಅತ್ತೆಯ ಕೈಯಲ್ಲಿ ಅಡುಗೆಮನೆಯ ಟೈಮರು. ಅಲ್ಲಿನ ಪರದೆಯನ್ನು ನಂಬುವುದಕ್ಕಾಗದೆಂದು ತಂದಿದ್ದರು.

ಮಾವ ಜೇಬಿನಿಂದ ಡಿಪೊ ಕಾಲದ ಹಿತ್ತಾಳೆಯ ಗೇಜು ತೆಗೆದರು. ತಣ್ಣಗಿದ್ದಾಗ ಇಪ್ಪತ್ತೈದು, ನಾಲ್ಕೂ. ಆಮೇಲೆ ಮಗನ ಶಾಲೆಯ ಸೀಮೆಸುಣ್ಣದಿಂದ ಪ್ರತಿ ಟೈರಿನ ಅಂಚಿನಲ್ಲೂ ಮೂರು ಗೀಟೆಳೆದರು. ತಿರುವಿನಲ್ಲಿ ಟೈರು ಎಷ್ಟು ಪಕ್ಕಕ್ಕೆ ಮಲಗುತ್ತದೋ ಅಷ್ಟು ಗೀಟು ಅಳಿಸುತ್ತದೆ. ಪಕ್ಕದ ಗೋಡೆಯವರೆಗೂ ಅಳಿಸಿದರೆ ಗಾಳಿ ಕಡಿಮೆ. ಅಳಿಸದೇ ಉಳಿದರೆ ಗಾಳಿ ಹೆಚ್ಚು.

ಮೊದಲ ಸರದಿಯ ಅತ್ಯುತ್ತಮ ಸುತ್ತು ಒಂದು ನಿಮಿಷ ನಲವತ್ತೊಂದು ಸೆಕೆಂಡು. ಕಾರು ಒಳಗೆ ಬಂದದ್ದೇ ಮಾವ ನೆಲಕ್ಕೆ ಮಂಡಿಯೂರಿದರು.

"ಮುಂದಿನ ಎಡಗಡೇದು ಮೂವತ್ನಾಲ್ಕು. ಬೇರೆದೆಲ್ಲ ಮೂವತ್ಮೂರು. ಗೀಟು ಪೂರ್ತಿ ಅಳಿಸಿಲ್ಲ. ಇಳಿಸ್ಲಾ?"

"ಕೇಳಿಯೇ ಮಾಡ್ತಿದ್ದೀರಲ್ಲ, ಮಾವ!"

"ಒಂದು ಸಲ ಬುದ್ಧಿ ಬಂದರೆ ಸಾಕು. ಮೂವತ್ತೊಂದಕ್ಕೆ ಇಳಿಸ್ತೀನಿ."

ಎರಡನೆಯ ಸರದಿ ಒಂದು ನಿಮಿಷ ನಲವತ್ತು ಸೆಕೆಂಡು, ಮೇಲೆ ಎರಡು ದಶಾಂಶ. ಉಳಿದದ್ದು ಒಂದೇ ಸರದಿ. ಆಕಾಶ ಇನ್ನಷ್ಟು ಕಪ್ಪಾಯಿತು. ಮೆಟ್ಟಿಲುಸಾಲಿನಲ್ಲಿ ಮಗ ಬಾಳೆಹಣ್ಣು ಸುಲಿದು, ತಿನ್ನುವುದನ್ನು ಮರೆತು ಕೈಯಲ್ಲೇ ಹಿಡಿದಿದ್ದ.

ಮೊದಲ ಸುತ್ತು ಟೈರು ಬಿಸಿಮಾಡಲು ಕಳೆಯಿತು. ಎರಡನೆಯದು ನಲವತ್ತೂವರೆ. ಮೂರನೆಯದರಲ್ಲಿ ಹಳೆಯ ಟೈರು ಜಾರುತ್ತಿದ್ದ ಉದ್ದನೆಯ ಬಲತಿರುವಿಗೆ ಕಾರು ಬಂದಾಗ ಅತ್ತೆ ಅರಿವಿಲ್ಲದೆ ಎದ್ದು ನಿಂತರು. ಕಾರು ಒಳಅಂಚು ಬಿಡದೆ ತಿರುಗಿ, ಬಿಟ್ಟ ಬಾಣದಂತೆ ಅವರ ಮುಂದೆ ಹಾದುಹೋಯಿತು. ಅತ್ತೆ ಟೈಮರು ಒತ್ತಿದರು.

"ನಲವತ್ತು!" ಎಂದರು. "ಸರಿಯಾಗಿ ನಲವತ್ತು. ಒಳಗಲ್ಲ."

ಪರದೆಯ ಮೇಲೆ ಅಂಕಿ ಮೂಡಲು ಹೊತ್ತು ಹಿಡಿಯಿತು. ಒಂದು ನಿಮಿಷ ಮೂವತ್ತೊಂಬತ್ತು, ದಶಾಂಶ ಎಂಟು.

ಮಗ ಮತ್ತು ಮೊಮ್ಮಗಳು ಅತ್ತೆಯ ಮುಖ ನೋಡಿದರು. ಅತ್ತೆ ಟೈಮರು ನೋಡಿದರು, ಪರದೆ ನೋಡಿದರು, ಮತ್ತೆ ಟೈಮರು ನೋಡಿದರು.

"ಅಜ್ಜೀ, ಯಾವುದು ಸರಿ?"

"ಇದು ಮೊಟ್ಟೆ ಬೇಯಿಸೋದಕ್ಕೆ ಇರೋದು," ಎಂದು ಅತ್ತೆ ಟೈಮರನ್ನು ಚೀಲದೊಳಗೆ ಹಾಕಿದರು. "ನನ್ನ ಬೆರಳೂ ಸ್ವಲ್ಪ ನಿಧಾನ. ಗೆದ್ದಿದ್ದಾಳೆ, ನಡೀರಿ."

ಹೊರಡುವ ಹೊತ್ತಿಗೆ ಹನಿ ಶುರುವಾಯಿತು. ಮಾವ ಕಾರಿನ ಬಾಗಿಲಿಗೆ ಕೈಹಾಕುವಷ್ಟರಲ್ಲಿ ಅತ್ತೆ ಆಗಲೇ ಒಳಗೆ ಕಾಲು ಹಾಕಿದ್ದರು. ತಲೆ ಮೊದಲೋ ಕಾಲು ಮೊದಲೋ ಎಂದು ಈ ಸಲ ಕೇಳಲಿಲ್ಲ.

"ನೀವು ಬಸ್ಸಿಗೆ ಬನ್ನಿ. ಈ ಟೈರು ಮಳೇಲಿ ಹೇಗಿದೆ ಅಂತ ನಾನು ನೋಡಬೇಕು."

"ಗಾಳಿ ಕಡಿಮೆ ಇದೆ, ನಾನು..."

"ಅವಳು ನಿಧಾನಕ್ಕೆ ಹೋಗ್ತಾಳೆ, ಮೊದಲು ಸಿಕ್ಕ ಬಂಕಲ್ಲಿ ಹಾಕಿಸ್ತಾಳೆ. ನೀವು ಬಸ್ಸಿನ ಟೈರು ನೋಡ್ಕೊಂಡು ಬನ್ನಿ, ಹೊತ್ತು ಹೋಗುತ್ತೆ."

ಬಂಕಿನಲ್ಲಿ ಜನ ಬಹಳವಿತ್ತು. ಸೊಸೆ ಕಾಯದೆ ನಲವತ್ತರ ವೇಗದಲ್ಲೇ ಮನೆಯವರೆಗೂ ಬಂದಳು. ವೃತ್ತದ ತಿರುವಿನಲ್ಲಿ ನೀರು ಎರಡೂ ಕಡೆ ಚಿಮ್ಮಿತು, ಕಾರು ಅಲುಗಲಿಲ್ಲ. ಅತ್ತೆಯ ಕೈ ಬಾಗಿಲ ಹಿಡಿಯ ಮೇಲಿರಲಿಲ್ಲ. ಅದು ರೇಡಿಯೋದ ಸದ್ದು ಸ್ವಲ್ಪ ಹೆಚ್ಚಿಸುತ್ತಿತ್ತು.

ಮರುದಿನ ಬೆಳಿಗ್ಗೆ ಐದೂವರೆಗೆ ಕೆಳಗಿನಿಂದ ಪುಸ್ ಕೀಚ್, ಪುಸ್ ಕೀಚ್ ಎಂದು ಕೇಳಿಸಿತು. ಸೊಸೆ ಕೆಲಸಕ್ಕೆ ಹೊರಡುವ ಮೊದಲು ರಸ್ತೆಗೆ ಬೇಕಾದಷ್ಟು ಗಾಳಿ ತುಂಬಿಡಲು ಮಾವ ಇಳಿದಿದ್ದರು. ಈ ಸಲ ರಾತ್ರಿಯೇ ಹೇಳಿ, ಒಪ್ಪಿಗೆ ಪಡೆದು.

ಸೊಸೆ ಹಾಸಿಗೆಯಲ್ಲೇ ಕಣ್ಣುಮುಚ್ಚಿ ಕೇಳುತ್ತ ಮಲಗಿದ್ದಳು. ಪಕ್ಕದ ಕೋಣೆಯ ಕಿಟಕಿ ಧಡಕ್ಕನೆ ತೆರೆದುಕೊಂಡಿತು. ಈಗ ಬೈಗುಳ ಬಂತು ಎಂದುಕೊಂಡಳು.

"ರೀ!" ಎಂದು ಅತ್ತೆಯ ದನಿ ಇಡೀ ಬೀದಿಗೆ ಕೇಳುವಂತೆ ಬಂತು. "ಧಾರಾಳ ಬೇಡ! ಇಪ್ಪತ್ತೊಂಬತ್ತಕ್ಕೆ ನಿಲ್ಲಿಸಿ!"